ಪದ ಪರಿಚಯ: ಹರತಾಳ

ಅಂಗಡಿ-ಮುಂಗಟ್ಟು ಮುಚ್ಚಿ ಪ್ರತಿಭಟಿಸುವುದಕ್ಕೆ ‘ಹರತಾಳ’ ಎನ್ನುತ್ತೇವೆ. ಗುಜರಾತಿಯಲ್ಲಿ ‘ಹಡತಾಳ’, ಹಿಂದಿಯಲ್ಲಿ ‘ಹಡತಾಲ್’, ಮರಾಠಿಯಲ್ಲಿ ನಮ್ಮಂತೆಯೇ ‘ಹರತಾಳ’. ಇದರ ಬೇರು ಸಂಸ್ಕೃತದ ‘ಹಟ್ಟ’ (ಪೇಟೆ) ಮತ್ತು ‘ತಾಲ’ (ಬೀಗ) ಎಂಬುದು ಸಾಮಾನ್ಯ ವಿವರಣೆ. ಹಳದಿ ಖನಿಜವಾದ ‘ಹರಿತಾಳ’ಕ್ಕೂ ಇದಕ್ಕೂ ನಂಟಿಲ್ಲ.

1919ರ ಏಪ್ರಿಲ್‌ನಲ್ಲಿ ರೌಲತ್ ಕಾಯ್ದೆಯ ವಿರುದ್ಧ ಗಾಂಧೀಜಿ ಕೊಟ್ಟ ಹರತಾಳದ ಕರೆಯಿಂದ ಈ ಪದ ದೇಶದುದ್ದಕ್ಕೂ ಹಬ್ಬಿತು. 1939ರಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ವೈಸ್‌ರಾಯ್ ಲಿನ್‌ಲಿತ್ಗೋ ದೇಶವನ್ನು ಯುರೋಪಿನ ಯುದ್ಧಕ್ಕೆ ಎಳೆದರು. ಯಾರದೋ ಯುದ್ಧ, ಇಲ್ಲಿ ಬೆಲೆಯೇರಿಕೆ, ಧಾನ್ಯದ ಅಭಾವ. ಆ ಅಸಮಾಧಾನ 1942ರ ಆಗಸ್ಟ್‌ನಲ್ಲಿ ಹರತಾಳಗಳ ಜೊತೆಗೆ ‘ಭಾರತ ಬಿಟ್ಟು ತೊಲಗಿ’ ಚಳವಳಿಯಾಗಿ ಸಿಡಿಯಿತು. ಮೈಸೂರು ಸಂಸ್ಥಾನದ ದಾವಣಗೆರೆಯಲ್ಲಿ ಗೋಲಿಬಾರ್ ನಡೆದು ಹಲವರು ಪ್ರಾಣ ತೆತ್ತರು. ಹತ್ತಿರದ ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಆಗ ಬ್ರಿಟಿಷರ ಮುಂಬಯಿ ಪ್ರಾಂತ್ಯ. ಆಡಳಿತ ಎರಡಾದರೂ ಘೋಷಣೆ ಒಂದೇ.

ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಗೆ ‘ಮುಷ್ಕರ’ವೂ ಪರಿಚಿತ. ಆದರೆ ಕಾರ್ಮಿಕರು ಕೆಲಸ ನಿಲ್ಲಿಸಿದರೆ ಮುಷ್ಕರ; ಮಂಡಿಪೇಟೆಯ ವರ್ತಕರು ಬಾಗಿಲು ಹಾಕಿದರೆ ಹರತಾಳ. ಹರತಾಳವನ್ನು ‘ಆಚರಿಸುತ್ತಾರೆ’, ಮುಷ್ಕರವನ್ನು ‘ಹೂಡುತ್ತಾರೆ’. ಈಗ ಹರತಾಳದ ಜಾಗದಲ್ಲಿ ಹೆಚ್ಚಾಗಿ ಪಾರಸಿ ಮೂಲದ ‘ಬಂದ್’ ಕುಳಿತಿದೆ. ಒತ್ತಾಯದಿಂದ ಮುಚ್ಚಿಸಿದ್ದನ್ನು ಬಂದ್ ಎನ್ನಿ. ವರ್ತಕರು ತಾವಾಗಿಯೇ ಬೀಗ ಹಾಕಿದ್ದಕ್ಕೆ ಹರತಾಳ ಎಂಬ ಹೆಸರೇ ಸರಿ.