ಸೂಜಿ, ಸ್ಪ್ರಿಂಗು ಮತ್ತು ಇಬ್ಬರು ಹಠಮಾರಿ ಡಾಕ್ಟರುಗಳು

ಹೋದ ತಿಂಗಳು ಅಮ್ಮನ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿಕ್ ಆಪರೇಷನ್ ಆಯ್ತು. ನಾಲ್ಕು ಸಣ್ಣ ತೂತು, ಮಾರನೇ ದಿನ ಮನೆಗೆ. ಆರಾಮಾಗಿದಾರೆ, ಗಾಬರಿ ಬೇಡ :) ಆದ್ರೆ ಇಂಜಿನಿಯರ್ ತಲೆ ಸುಮ್ನಿರಬೇಕಲ್ಲ... ಆ ತೂತುಗಳಲ್ಲಿ ಒಳಗೆ ಹೋದ ಸಾಮಾನುಗಳನ್ನ ಯಾರು ಮಾಡಿದ್ದು ಅಂತ ಹುಡುಕ್ತಾ ಕೂತೆ.

ಮೊದಲು ಸಿಕ್ಕಿದ್ದು ಒಂದು ಸೂಜಿ. ಕ್ಯಾಮೆರಾ ಇಳಿಸೋ ಮುಂಚೆ ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸಬೇಕು, ಇಲ್ದಿದ್ರೆ ಕೆಲಸಕ್ಕೆ ಜಾಗ ಎಲ್ಲಿ? ಆದ್ರೆ ಕಾಣದೇ ಇರೋ ಕಡೆ ಚುಚ್ಚಿದ ಸೂಜಿ ಕರುಳಿಗೆ ತಾಗಿದ್ರೆ ಗತಿ? ಹಂಗೇರಿಯ ಡಾಕ್ಟರ್ ಯಾನೋಶ್ ವೆರೆಶ್ 1938ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿದ್ರು, ಅದೂ ಬೇರೆ ಯಾವುದೋ ಪ್ರಶ್ನೆಗೆ! ಅವರ ತಲೆಬಿಸಿ ಕ್ಷಯರೋಗ. ಆಗಿನ್ನೂ ಸರಿಯಾದ ಔಷಧಿ ಇಲ್ಲದ ಕಾಲ, ಎದೆಗೂಡಿಗೆ ಗಾಳಿ ತುಂಬಿ ಶ್ವಾಸಕೋಶ ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡ್ತಿದ್ರು. ಅದಕ್ಕಂತ ಮಾಡಿದ ಸೂಜಿಯ ಹೊರಗಿನ ಕೊಳವೆ ಚೂಪು, ಒಳಗೆ ಸ್ಪ್ರಿಂಗ್ ಹಾಕಿದ ಮೊಂಡು ಕಡ್ಡಿ. ಗಟ್ಟಿ ಪದರ ಒತ್ತಿದಷ್ಟು ಹೊತ್ತು ಕಡ್ಡಿ ಹಿಂದೆ ಸರಿದಿರುತ್ತೆ. ಪದರ ದಾಟಿ ಖಾಲಿ ಜಾಗ ಸಿಕ್ಕ ಕ್ಷಣ ಟಕ್ ಅಂತ ಮುಂದೆ ಬಂದು ಚೂಪು ತುದಿಗೆ ಅಡ್ಡ ನಿಲ್ಲುತ್ತೆ. ಉಕ್ಕಿನಲ್ಲಿ ಬರೆದ ಇಫ್ ಕಂಡೀಷನ್ ಕಣ್ರೀ ಇದು! ಇವತ್ತಿಗೂ ಬಳಸ್ತಾರೆ.

ಇನ್ನು ಜರ್ಮನಿಯ ಕೀಲ್ ಊರಿನ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್. ಇವರ ಮನೆಯವರದ್ದೇ ಉಪಕರಣ ಮಾಡೋ ಕಂಪನಿ. ಬೇಕಾದ್ದು ಸಿಗದಿದ್ರೆ ತಾವೇ ವಿನ್ಯಾಸ ಮಾಡೋರು. ಹೊಟ್ಟೆಯೊಳಗಿನ ಒತ್ತಡ ನೋಡ್ಕೊಂಡು ತಾನೇ ಗ್ಯಾಸ್ ಬಿಡೋ ಯಂತ್ರ, ಒಳಗೇ ಗಂಟು ಹಾಕೋಕೆ ಕುಣಿಕೆ, ಕಲಿಯೋರಿಗೆ ಅಭ್ಯಾಸದ ಪೆಟ್ಟಿಗೆ... ಇದನ್ನೆಲ್ಲ ನೋಡಿದ ಸಹೋದ್ಯೋಗಿಗಳು "ಸ್ವಲ್ಪ ಮೆದುಳು ಸ್ಕ್ಯಾನ್ ಮಾಡಿಸ್ಕೊಳ್ಳಿ" ಅಂದ್ರಂತೆ! 1980ರಲ್ಲಿ ಹೀಗೇ ಅಪೆಂಡಿಕ್ಸ್ ತೆಗೆದಾಗಂತೂ, ಇವರನ್ನ ಸಸ್ಪೆಂಡ್ ಮಾಡಿ ಅಂತ ಜರ್ಮನ್ ಸರ್ಜನ್ನರ ಸಂಘದ ಅಧ್ಯಕ್ಷರೇ ಕೇಳಿದ್ರು.

ಸೆಮ್ ಕೆಲಸದಿಂದ ಹುರುಪು ಬಂದಿದ್ದು ಬೋಬ್ಲಿಂಗೆನ್‌ನ ಸರ್ಜನ್ ಎರಿಕ್ ಮ್ಯೂಹೆಗೆ. 'ಗ್ಯಾಲೊಸ್ಕೋಪ್' ಅಂತ ತಮ್ಮದೇ ಉಪಕರಣ ಮಾಡಿಸಿ, 1985ರ ಸೆಪ್ಟೆಂಬರ್ 12ರಂದು ಮೊದಲ ಸಲ ಲ್ಯಾಪ್ರೋಸ್ಕೋಪ್‌ನಿಂದ ಪಿತ್ತಕೋಶ ತೆಗೆದ್ರು. ಮರುವರ್ಷ ಸರ್ಜನ್ನರ ಸಮ್ಮೇಳನದಲ್ಲಿ ಹೇಳಿದ್ರೆ ಯಾರೂ ಕ್ಯಾರೇ ಅನ್ನಲಿಲ್ಲ. ಆಮೇಲೆ ಅವರ ಒಬ್ಬ ರೋಗಿ ತೀರಿಕೊಂಡಾಗ ಕ್ರಿಮಿನಲ್ ಕೇಸೇ ಬಿತ್ತು. ಮ್ಯೂಹೆ ಪಟ್ಟ ಪಾಡು ಓದಿದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ಆ ರೋಗಿಯ ಮನೆಯವರ ಜಾಗದಲ್ಲಿ ನಾನಿದ್ದಿದ್ರೆ ಹೀಗೇ ಬರೀತಿದ್ನಾ? ಗ್ಯಾರಂಟಿ ಕೊಡಲಾರೆ.

ಕೇಸಿನಿಂದ ಬಿಡುಗಡೆ ಸಿಕ್ಕಿದ್ದು 1990ರಲ್ಲಿ. ಅಷ್ಟರಲ್ಲಿ, 1987ರಲ್ಲಿ ಲಿಯೋನ್‌ನಲ್ಲಿ ಇದೇ ಆಪರೇಷನ್ ಮಾಡಿದ್ದ ಫಿಲಿಪ್ ಮೂರೆಯೇ ಮೊದಲಿಗರು ಅಂತ ಎಲ್ಲರೂ ನಂಬಿಬಿಟ್ಟಿದ್ರು. 1992ರಲ್ಲಿ ಜರ್ಮನ್ ಸಂಘ ಮ್ಯೂಹೆಗೆ ಪ್ರಶಸ್ತಿ ಕೊಡ್ತು. ಅಮೆರಿಕದ ಎಂಡೋಸ್ಕೋಪಿಕ್ ಸರ್ಜನ್ನರು "ನೀವೇ ಮೊದಲು" ಅಂತ ಒಪ್ಪೋ ಹೊತ್ತಿಗೆ 1999 ಆಗಿತ್ತು.