ಗೃಹಗಣಕ ದುರಸ್ತಿ: ಸೇಡಂ–ವಾಡಿ ಸೀಮೆಯ ಹಿನ್ನೆಲೆಯಲ್ಲಿ ಅದರ ಇತಿಹಾಸ

ದೂರದರ್ಶನದ ಪೆಟ್ಟಿಗೆಯನ್ನೇ ತೆರೆಯಾಗಿಯೂ ಕ್ಯಾಸೆಟ್ ಟೇಪ್‌ರೆಕಾರ್ಡರನ್ನೇ ಸಂಗ್ರಹಸಾಧನವಾಗಿಯೂ ಬಳಸಿಕೊಂಡು ಮನೆಯ ಮೇಜಿನ ಮೇಲೆ ನಡೆಸಬಹುದಾಗಿದ್ದ, 1980ರ ದಶಕದ ಎಂಟು ಬಿಟ್ಟಿನ ಚಿಕ್ಕ ಯಂತ್ರಗಳು ಗೃಹಗಣಕಗಳೆಂದು ಪ್ರಸಿದ್ಧವಾದುವು. ಅವು ಕೆಟ್ಟಾಗ ದೋಷದ ನೆಲೆಯನ್ನು ಶೋಧಿಸಿ ಸರಿಪಡಿಸುವ ಕೌಶಲವು ಗಣಕಶಾಸ್ತ್ರದ ಪಾಠಶಾಲೆಗಳಲ್ಲಿ ಹುಟ್ಟಿದುದಲ್ಲ; ರೇಡಿಯೋ ಮತ್ತು ಟಿ.ವಿ. ರಿಪೇರಿಯ ಅಂಗಡಿಗಳಲ್ಲಿ ಅದಾಗಲೇ ಬೆಳೆದಿದ್ದ ವಿದ್ಯೆಯ ಕವಲು ಅದು. ಆದುದರಿಂದ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಈ ವಿದ್ಯೆಯ ಪೂರ್ವಚರಿತ್ರೆಯನ್ನು ಹೇಳಹೊರಟವರು ಗಣಕಕ್ಕಿಂತ ಮೊದಲು ದೂರದರ್ಶನವನ್ನು ಹೇಳಬೇಕಾಗುತ್ತದೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನವನ್ನು ಮುಟ್ಟಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದುವು ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಂಗಳೂರಿನ ಮನೆಗಳೇ ಇನ್ನೂ ದೂರದರ್ಶನವನ್ನು ಕಾಣದಿದ್ದ ಕಾಲದಲ್ಲಿ ಈ ಬಿಸಿಲುನಾಡಿನ ಹಳ್ಳಿಗಳು ಅದನ್ನು ಕಂಡುವೆಂಬುದು ನಾವು ಅಭಿಮಾನದಿಂದ ನೆನೆಯಬೇಕಾದ ಸಂಗತಿ. ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆಯು ತಯಾರಿಸಿದ ಸೆಟ್ಟುಗಳು, ಕೋಳಿಬಲೆಯಂಥ ತಂತಿಜಾಲದಿಂದ ಹೆಣೆದ ಸುಮಾರು ಹತ್ತು ಅಡಿ ವ್ಯಾಸದ ಆಂಟೆನಾಗಳು, 860 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಬರುತ್ತಿದ್ದ ಸಂಕೇತವನ್ನು ಸೆಟ್ಟಿಗೆ ಒಗ್ಗುವಂತೆ ಮಾರ್ಪಡಿಸುವ ಪರಿವರ್ತಕ: ಇವೆಲ್ಲವೂ ಒಂದು ವರ್ಷದ ಕಾಲ ಪ್ರತಿದಿನ ನಾಲ್ಕು ಗಂಟೆ ಎಡೆಬಿಡದೆ ನಡೆಯಬೇಕಾಗಿದ್ದುವು. ದೂರದೂರದ ಹಳ್ಳಿಗಳಲ್ಲಿ ಕೆಟ್ಟುನಿಂತ ಯಂತ್ರವನ್ನು ಅಲ್ಲಿಯೇ ಸರಿಪಡಿಸುವ ವ್ಯವಸ್ಥೆಯಿಲ್ಲದೆ ಪ್ರಯೋಗವು ಒಂದು ವಾರವೂ ನಿಲ್ಲುವಂತಿರಲಿಲ್ಲ. ದುರಸ್ತಿಯು ಯಂತ್ರದ ನಂತರ ಬರುವ ಉಪಚಾರವಲ್ಲ, ಯಂತ್ರದೊಡನೆಯೇ ಬರತಕ್ಕ ಅಂಗವೆಂಬುದನ್ನು ಈ ಸೀಮೆಯು ಮೊದಲು ಕಂಡದ್ದು ಆಗಲೇ. ಪ್ರಯೋಗವು ಮುಗಿದ ಮರುವರ್ಷ, 1977ರಲ್ಲಿ, ಗುಲ್ಬರ್ಗಾ ನಗರಕ್ಕೆ ದೂರದರ್ಶನದ ಪ್ರಸಾರಕೇಂದ್ರವು ಬಂದಿತು. ಸೆಟ್ಟುಗಳು ಮನೆಗಳಿಗೆ ಇಳಿದಂತೆಲ್ಲ ರಿಪೇರಿಯೂ ಒಂದು ಕಸುಬಾಗಿ ಪೇಟೆಗಳಲ್ಲಿ ನೆಲೆಯೂರಿತು.

ಈ ಕಸುಬಿಗೆ ಬೇಕಾದ ಬಿಡಿಭಾಗಗಳ ದಾರಿಯನ್ನು ರೈಲು ಹಾಕಿಕೊಟ್ಟಿತ್ತು. ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ವಾಡಿ–ಸಿಕಂದರಾಬಾದ್ ಮಾರ್ಗದ ಮೇಲೆಯೇ ಚಿತ್ತಾಪುರ ಮತ್ತು ಸೇಡಂಗಳಿವೆ. ಮುಂಬಯಿಯ ಹಾದಿಯು ಶಹಾಬಾದ್ ಮತ್ತು ವಾಡಿಗಳನ್ನು ಮುಟ್ಟಿ ರಾಯಚೂರಿಗೆ ಹೋಗುತ್ತದೆ. ತನ್ನದೇ ರೈಲುನಿಲ್ದಾಣವಿಲ್ಲದ ಚಿಂಚೋಳಿಗೆ ಗಡಿಯಾಚೆಯ ತಾಂಡೂರು ಹತ್ತಿರ. ಹೀಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯೇ ಈ ಊರುಗಳಿಗೆ ಸಮೀಪದ ಎಲೆಕ್ಟ್ರಾನಿಕ್ಸ್ ಪೇಟೆ.

ಭಾರತದಲ್ಲಿ ಗೃಹಗಣಕವು ಎರಡು ಬಾಗಿಲುಗಳಿಂದ ಪ್ರವೇಶಿಸಿತು. ಮೊದಲನೆಯದು ಶಾಲೆ: 1984–85ರಲ್ಲಿ ಕೇಂದ್ರ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯನ್ನು 250 ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿ, ಇಂಗ್ಲೆಂಡಿನ ಏಕಾರ್ನ್ ಕಂಪನಿಯು 1981ರಲ್ಲಿ ಹೊರತಂದಿದ್ದ ಬಿ.ಬಿ.ಸಿ. ಮೈಕ್ರೋ ಯಂತ್ರವನ್ನು ಅದಕ್ಕಾಗಿ ಆರಿಸಿಕೊಂಡಿತು. ಅದೇ ಯಂತ್ರವು ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆಯಿಂದ ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ಹೊರಬಂದಿತು. ಎರಡನೆಯದು ಮನೆ: ಸಿಂಕ್ಲೇರ್ ಕಂಪನಿಯ 1982ರ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಯಂತ್ರವನ್ನು ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ‘ಡಿಬಿ ಸ್ಪೆಕ್ಟ್ರಮ್’ ಎಂದು ಕರೆದು ದೇಶದೊಳಗೆ ಮಾರಿತು. ಇವಲ್ಲದೆ ವಿದೇಶದಲ್ಲಿದ್ದ ಬಂಧುಗಳು ತಂದುಕೊಟ್ಟ ಯಂತ್ರಗಳೂ ಉಂಟು. ಅವುಗಳಲ್ಲಿ ಮೊದಲು ಕಾಣುತ್ತಿದ್ದ ತೊಂದರೆಯು ದೋಷವೇ ಅಲ್ಲ: ಬ್ರಿಟನ್ನಿನ ಯಂತ್ರವು ಯು.ಎಚ್.ಎಫ್. 36ನೆಯ ಚಾನೆಲ್ಲಿನಲ್ಲಿ ಚಿತ್ರವನ್ನು ಕಳುಹಿಸಿದರೆ, ಇಲ್ಲಿನ ಸಾಧಾರಣ ಸೆಟ್ಟು ವಿ.ಎಚ್.ಎಫ್. ಚಾನೆಲ್ಲುಗಳನ್ನು ಮಾತ್ರ ಹಿಡಿಯುತ್ತಿತ್ತು. ಟ್ಯೂನರಿನ ಹಂಗನ್ನು ತೊರೆದು, ಗಣಕದ ಮಾಡ್ಯುಲೇಟರಿಗೆ ಮುಂಚಿನ ವಿಡಿಯೋ ಸಂಕೇತವನ್ನು ಸೆಟ್ಟಿನ ವಿಡಿಯೋ ಭಾಗಕ್ಕೆ ನೇರವಾಗಿ ಕೊಡಬಹುದೆಂಬುದು ಟಿ.ವಿ. ಬಲ್ಲ ಮೆಕ್ಯಾನಿಕ್ಕಿಗೆ ಹೊಳೆಯುವ ಉಪಾಯ.

ನಿಜವಾದ ದೋಷಶೋಧನೆಯಲ್ಲಿ ಕ್ರಮವೇ ಪ್ರಧಾನ. ಕಣ್ಣು, ಮೂಗು, ಬೆರಳುಗಳ ಪರೀಕ್ಷೆ ಮೊದಲು: ಉಬ್ಬಿದ ಕೆಪಾಸಿಟರ್, ಸುಟ್ಟ ವಾಸನೆ, ಮುಟ್ಟಲಾಗದಷ್ಟು ಬಿಸಿಯೇರಿದ ಐ.ಸಿ. ಆನಂತರ ವಿದ್ಯುತ್ ಸರಬರಾಜು, ಅದರ ಬಳಿಕ ಗಡಿಯಾರ ಸಂಕೇತ ಮತ್ತು ರೀಸೆಟ್, ಕಡೆಗೆ ಸ್ಮೃತಿ. ಈ ಅನುಕ್ರಮವನ್ನು ಮೀರಿದವನು ಹೊಸ ಭಾಗಗಳನ್ನೂ ಸುಡುವನೆಂಬುದಕ್ಕೆ ಸ್ಪೆಕ್ಟ್ರಮ್ ಯಂತ್ರವೇ ಸಾಕ್ಷಿ. ಅದರ ಕೆಳಗಿನ 16 ಕಿಲೋಬೈಟ್ ಸ್ಮೃತಿಯು 4116 ಎಂಬ ಎಂಟು ಐ.ಸಿ.ಗಳಿಂದಾದುದು, ಅವಕ್ಕೆ 5 ಮತ್ತು 12 ವೋಲ್ಟುಗಳಲ್ಲದೆ ಋಣ 5 ವೋಲ್ಟೂ ಬೇಕು. ಕೊನೆಯದು ಇಲ್ಲವಾಗಿ 12 ವೋಲ್ಟ್ ಮಾತ್ರ ಉಳಿದರೆ ಅವು ನಾಶವಾಗುತ್ತವೆ. ಈ ವೋಲ್ಟೇಜುಗಳನ್ನು ಹುಟ್ಟಿಸುವ ಚಿಕ್ಕ ಮಂಡಲದಲ್ಲಿ ಟಿಆರ್4 ಎಂದು ಗುರುತಿಸಿದ ಒಂದು ಟ್ರಾನ್ಸಿಸ್ಟರಿದೆ. ಯಂತ್ರವು ಚಾಲೂ ಇರುವಾಗಲೇ ಹಿಂಬದಿಯ ಕನೆಕ್ಟರಿಗೆ ಏನನ್ನಾದರೂ ಚುಚ್ಚಿ ಕಿತ್ತರೆ ಮೊದಲು ಬಲಿಯಾಗುವುದು ಅದು, ಅದರ ಹಿಂದೆಯೇ ಸ್ಮೃತಿ. ಆದ್ದರಿಂದ ತೆರೆಯ ಮೇಲೆ ಅರ್ಥವಿಲ್ಲದ ಪಟ್ಟೆಗಳನ್ನು ಕಂಡೊಡನೆ ಸ್ಮೃತಿಯ ಐ.ಸಿ.ಯನ್ನು ಬದಲಿಸದೆ, ಮಲ್ಟಿಮೀಟರಿನಿಂದ ಮೂರು ವೋಲ್ಟೇಜುಗಳನ್ನೂ ಅಳೆದು, ಮಂಡಲವನ್ನು ಸರಿಪಡಿಸಿದ ತರುವಾಯವೇ ಹೊಸದನ್ನು ಬೆಸೆಯತಕ್ಕದ್ದು. ಶಂಕಿತ ಐ.ಸಿ.ಯ ಬೆನ್ನಮೇಲೆ ಒಳ್ಳೆಯದೊಂದನ್ನು ಕಾಲಿಗೆ ಕಾಲು ತಾಗುವಂತೆ ಕೂರಿಸಿ ಯಂತ್ರವು ಚೇತರಿಸುವುದೋ ಎಂದು ನೋಡುವ ಪದ್ಧತಿಯೂ ಇದೆ. ಆಸಿಲೋಸ್ಕೋಪು ಕೈಗೆಟುಕದ ಅಂಗಡಿಗಳಿಗೆ ಇದು ವರದಾನ, ಆದರೆ ಎಲ್ಲ ಬಗೆಯ ದೋಷವನ್ನೂ ಇದು ಬಯಲಿಗೆಳೆಯಲಾರದು. ಬಿ.ಬಿ.ಸಿ. ಮೈಕ್ರೋ ಯಂತ್ರದ ಪ್ರಕೃತಿಯೇ ಬೇರೆ: ಅದರ ಮುಖ್ಯ ಐ.ಸಿ.ಗಳು ಬಹುಮಟ್ಟಿಗೆ ಸಾಕೆಟ್ಟುಗಳಲ್ಲಿ ಕುಳಿತಿರುವುದರಿಂದ ಕಿತ್ತು ಬದಲಿಸಿ ನೋಡುವುದು ಸುಲಭ. ಆದರೆ ಅದರ ವಿದ್ಯುತ್ ಪೆಟ್ಟಿಗೆಯೊಳಗಿನ ಕಾಗದದ ಫಿಲ್ಟರ್ ಕೆಪಾಸಿಟರುಗಳು ಕಾಲಕ್ರಮದಲ್ಲಿ ಮೈಬಿರಿದು ತೇವವನ್ನು ಹೀರಿ, ಒಂದು ದಿನ ದಟ್ಟಹೊಗೆಯನ್ನು ಕಾರುತ್ತವೆ.

ಈ ಸೀಮೆಯ ಹವೆ ಮತ್ತು ನೆಲಗಳು ಇಂಥ ಯಂತ್ರಗಳಿಗೆ ಸುಲಭದ ಪರಿಸರವಲ್ಲ. ಬೇಸಗೆಯ ತಾಪವು 42 ಡಿಗ್ರಿಯನ್ನು ದಾಟುವ ಊರುಗಳಿವು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಉಷ್ಣತೆಯು ಹತ್ತು ಡಿಗ್ರಿ ಏರಿದಾಗಲೆಲ್ಲ ಅದರ ಆಯುಷ್ಯವು ಸುಮಾರು ಅರ್ಧಕ್ಕಿಳಿಯುವುದೆಂಬ ತಂತ್ರಜ್ಞರ ಸ್ಥೂಲಲೆಕ್ಕವನ್ನು ಇದರೊಡನೆ ಇಟ್ಟು ನೋಡಿದರೆ, ಲಂಡನ್ನಿನ ಕೋಣೆಯಲ್ಲಿ ಮೂವತ್ತು ವರ್ಷ ಬಾಳಿದ ಭಾಗವು ಇಲ್ಲಿ ಅಷ್ಟು ಬಾಳಲಾರದೆಂಬುದು ಸ್ಪಷ್ಟ. ಶಹಾಬಾದಿನ ಫರಸಿ ಕಲ್ಲಿನ ಗಣಿಗಳೂ, ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳೂ ಸುಣ್ಣಕಲ್ಲನ್ನು ಆಶ್ರಯಿಸಿದುವು. ಅವುಗಳ ಧೂಳು, ವಿಶೇಷತಃ ಸಿಮೆಂಟಿನ ಧೂಳು, ಕ್ಷಾರಗುಣವುಳ್ಳದ್ದಾಗಿ ಮಳೆಗಾಲದ ತೇವವನ್ನು ಹಿಡಿದು ಗಟ್ಟಿಯಾಗುವುದರಿಂದ, ಕೀಲಿಮಣೆಯ ಒಳಗೂ ಕನೆಕ್ಟರಿನ ಹಲ್ಲುಗಳ ಮೇಲೂ ಕುಳಿತರೆ ಸಂಪರ್ಕವೇ ತಪ್ಪುತ್ತದೆ. ಒಣಗಿದ ಕುಂಚ, ಐಸೋಪ್ರೊಪೈಲ್ ಆಲ್ಕೋಹಾಲು, ತಾಳ್ಮೆ ಇವು ಮೂರರಿಂದಲೇ ಜೀವ ಬರುವ ಯಂತ್ರಗಳುಂಟೆಂಬುದನ್ನು ಇಂಥ ಪ್ರದೇಶದಲ್ಲಿ ಮರೆಯಲಾಗದು.

1990ರ ದಶಕದಲ್ಲಿ ಐ.ಬಿ.ಎಂ. ಮಾದರಿಯ ಪಿ.ಸಿ.ಗಳು ಹರಡಿದಂತೆ ಎಂಟು ಬಿಟ್ಟಿನ ಯಂತ್ರಗಳು ಮೂಲೆಗುಂಪಾದುವು. ದುರಸ್ತಿಯ ಸ್ವರೂಪವೂ ಬದಲಾಗಿ, ಐ.ಸಿ.ಯ ಮಟ್ಟದಲ್ಲಿ ದೋಷವನ್ನು ಹುಡುಕುವ ಬದಲು ಇಡೀ ಬೋರ್ಡನ್ನೇ ಬದಲಿಸುವ ವಾಡಿಕೆ ಬಂದಿತು. ಇದು ವ್ಯಾಪಾರಕ್ಕೆ ಅನುಕೂಲವಾದರೂ ವಿದ್ಯೆಗೆ ಆದ ನಷ್ಟವೆಂದೇ ಹೇಳಬೇಕು. ಇಂದು ಹಳೆಯ ಯಂತ್ರಗಳನ್ನು ಪ್ರೀತಿಸಿ ಉಳಿಸುವವರು 4116ಕ್ಕೆ ಬದಲಾಗಿ ಒಂದೇ ವೋಲ್ಟೇಜಿನಲ್ಲಿ ನಡೆಯುವ ಸ್ಮೃತಿಯ ಚಿಕ್ಕ ಬೋರ್ಡುಗಳನ್ನೂ, ಕುದಿಯುವ 7805 ರೆಗ್ಯುಲೇಟರಿಗೆ ಬದಲಾಗಿ ತಂಪಾಗಿ ನಡೆಯುವ ಸ್ವಿಚಿಂಗ್ ಮಾದರಿಯನ್ನೂ ಬಳಸುತ್ತಾರೆ.

ಮನೆಯ ಅಟ್ಟದಲ್ಲಿಯೋ ಶಾಲೆಯ ಕಪಾಟಿನಲ್ಲಿಯೋ ಇಂಥ ಯಂತ್ರವೊಂದು ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ; ಕುತೂಹಲದಿಂದ ಒಮ್ಮೆಲೇ ಕರೆಂಟಿಗೆ ಚುಚ್ಚಲೂ ಬೇಡಿ. ವಿದ್ಯುತ್ ಪೆಟ್ಟಿಗೆಯನ್ನು ಬೇರ್ಪಡಿಸಿ, ಬಲ್ಲ ಟಿ.ವಿ. ಮೆಕ್ಯಾನಿಕ್ಕಿನ ಕೈಯಲ್ಲಿ ಅದರ ಕೆಪಾಸಿಟರುಗಳನ್ನು ನೋಡಿಸಿ, ವೋಲ್ಟೇಜುಗಳು ಸರಿಯೆಂದು ಮೀಟರು ಹೇಳಿದ ಮೇಲೆಯೇ ಯಂತ್ರಕ್ಕೆ ಜೋಡಿಸಿರಿ.