ಗ್ರಂಥಾರ್ಥ ನಿರ್ಣಯ

ಧಾರವಾಡದ ಸಮೀಪದ ಮುಗದದ 1045ನೆಯ ಇಸವಿಯ ಶಾಸನವು ‘ಸಮ್ಯಕ್ತ್ವರತ್ನಾಕರ’ವೆಂಬ ಚೈತ್ಯಾಲಯವನ್ನು ಹೆಸರಿಸುತ್ತದೆ. ಬರಿಯ ವ್ಯುತ್ಪತ್ತಿಯನ್ನು ನಂಬಿದವನು ಸಮ್ಯಕ್ತ್ವವನ್ನು ಒಳ್ಳೆಯತನವೆನ್ನುವನು. ಜೈನಾಗಮವನ್ನು ಬಲ್ಲವನು ತತ್ತ್ವಶ್ರದ್ಧೆಯೆಂದು ತಿಳಿಯುವನು.

ಬೈಬಲಿಗೂ ಇದೇ ನ್ಯಾಯವು ಸಲ್ಲುವುದು. ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಗಳ ಶ್ರಮದಿಂದ 1831ರ ವೇಳೆಗೆ ಅದು ಸಮಗ್ರವಾಗಿ ಕನ್ನಡಕ್ಕೆ ಬಂದಿತು. ಆದರೆ ಕನ್ನಡದ ‘ಬಲಿ’ಯು ಗ್ರಾಮಸ್ಥನಿಗೆ ಜಾತ್ರೆಯ ಕೋಣ, ವೈದಿಕನಿಗೆ ವೈಶ್ವದೇವದ ಅನ್ನ, ಯೆಹೂದ್ಯರ ಬಲಿಯನ್ನು ಅವರ ಆಚಾರದಿಂದಲೇ ಅರಿಯಬೇಕು.

1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಪಾದ್ರಿಗಳು ತಮ್ಮ 1894ರ ನಿಘಂಟಿನಲ್ಲಿ ಕಾವ್ಯ, ಗಾದೆಗಳ ಪ್ರಯೋಗವನ್ನೇ ಅರ್ಥಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರು. ಮೀಮಾಂಸಕರೂ ಉಪಕ್ರಮೋಪಸಂಹಾರಗಳನ್ನು ಕೂಡಿಸಿಯೇ ತಾತ್ಪರ್ಯವನ್ನು ನಿರ್ಣಯಿಸುವರು. ಹಿಂದುಮುಂದು ನೋಡದೆ ಒಂದು ವಚನವನ್ನು ಕಿತ್ತೆತ್ತುವವನು ತನ್ನ ಮಾತನ್ನೇ ಗ್ರಂಥದ ಬಾಯಿಂದ ನುಡಿಸುವನು.